ಮರುದಿನದ ಕಟ್ಟಿನ ಸಾರು: ವೃದ್ಧಾಶ್ರಮದ ಅಡುಗೆಮನೆಯೊಂದರ ಪ್ರಕರಣ

ಬಾಗಲಕೋಟೆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ವೃದ್ಧಾಶ್ರಮ ಇದು. ಊರು, ಟ್ರಸ್ಟು, ವರ್ಷ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಆರೋಗ್ಯ ಇಲಾಖೆಯಿಂದ ನಿವೃತ್ತನಾದ ಮೇಲೆ ಅಲ್ಲಿಯವರು ನನ್ನನ್ನು ಸಲಹೆಗೆಂದು ಕರೆಯುತ್ತಿದ್ದರು. ಸಲಹೆ ಎಂದರೆ ವರ್ಷಕ್ಕೆ ಎರಡು ಸಲ ಹೋಗಿ, ನೀರಿನ ಟಾಕಿ ಇಣುಕಿ ನೋಡಿ, ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿ, ಚಹಾ ಕುಡಿದು ಬರುವುದು. ಈ ಘಟನೆಗೆ ಮುಂಚೆ ಅದೇ ಅಡುಗೆಮನೆಗೆ ನಾನು ಎರಡು ಬಾರಿ ‘ಉತ್ತಮ’ ಎಂದು ಬರೆದುಕೊಟ್ಟಿದ್ದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಾಗೆ ಬರೆಯಲು ಕಾರಣವೂ ಇತ್ತು. ಶಹಾಬಾದಿ ಕಲ್ಲಿನ ನೆಲವನ್ನು ದಿನಕ್ಕೆರಡು ಸಲ ತೊಳೆಯುತ್ತಿದ್ದರು. ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು. ಕಾಳುಕಡಿಗಳಿಗೆಲ್ಲ ಮುಚ್ಚಳದ ಡಬ್ಬಿ, ಕಿಟಕಿಗೆ ಜಾಲರಿ, ಕೈ ತೊಳೆಯಲು ಸಾಬೂನು. ಅಡುಗೆಯ ಮುಖ್ಯಸ್ಥೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಇಲ್ಲಿಯೂ ಅವರು ಅಕ್ಕನಾಗಿಯೇ ಇರಲಿ. ಹದಿನೈದು ವರ್ಷದಿಂದ ಅಲ್ಲಿದ್ದವರು. ಕೈಕೆಳಗೆ ಇಬ್ಬರು ಸಹಾಯಕಿಯರು, ಭಾರ ಎತ್ತಲು ಒಬ್ಬ ಹುಡುಗ. ಸ್ನಾನ ಮಾಡದೆ ಯಾರೂ ಒಲೆಯ ಹತ್ತಿರ ಬರುವಂತಿರಲಿಲ್ಲ.

ವಾಸವಿದ್ದವರು 48 ಮಂದಿ. ಅರ್ಧಕ್ಕಿಂತ ಹೆಚ್ಚಿನವರು ಎಪ್ಪತ್ತೈದು ದಾಟಿದವರು. ಹಿನ್ನೀರಿನಲ್ಲಿ ಹೊಲಮನೆ ಮುಳುಗಿ ಊರು ಬಿಟ್ಟವರು, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವವರು, ಮಕ್ಕಳೇ ಇಲ್ಲದವರು. ಬಹುತೇಕ ಎಲ್ಲರ ದಿಂಬಿನ ಬಳಿಯೂ ರಕ್ತದೊತ್ತಡದ್ದೋ, ಸಕ್ಕರೆ ಕಾಯಿಲೆಯದೋ, ಹೊಟ್ಟೆಯ ಆಮ್ಲ ತಗ್ಗಿಸುವುದೋ ಒಂದು ಮಾತ್ರೆಯ ಪಟ್ಟಿ ಇರುತ್ತಿತ್ತು. ಈ ಕೊನೆಯ ಮಾತ್ರೆಯನ್ನು ನೆನಪಿನಲ್ಲಿಡಿ. ಜಠರದ ಆಮ್ಲವೆಂದರೆ ಬಾಗಿಲಲ್ಲಿ ಕುಳಿತ ಕಾವಲುಗಾರ. ವಯಸ್ಸು ಅವನನ್ನು ಅರ್ಧ ಮಲಗಿಸಿರುತ್ತದೆ, ಉಳಿದರ್ಧವನ್ನು ಮಾತ್ರೆ ಮಲಗಿಸುತ್ತದೆ.

ಊಟದ ಕೋಣೆಯ ಗೋಡೆಯ ಮೇಲೆ ದೊಡ್ಡ ಕ್ಯಾಲೆಂಡರ್. ಅದರಲ್ಲಿ ಕೆಂಪು ಪೆನ್ನಿನಿಂದ ದಾನಿಗಳ ಹೆಸರು: ತಂದೆಯ ಪುಣ್ಯಸ್ಮರಣೆ, ಮೊಮ್ಮಗನ ಹುಟ್ಟುಹಬ್ಬ, ಗೃಹಪ್ರವೇಶದ ನೆನಪು. ಕೆಲವರು ಹಣ ಕೊಟ್ಟು ಅಲ್ಲಿಯೇ ಅಡುಗೆ ಮಾಡಿಸುತ್ತಿದ್ದರು, ಕೆಲವರು ಹೊರಗೆ ಮಾಡಿಸಿದ ಊಟವನ್ನು ಪಾತ್ರೆ ಸಮೇತ ತರುತ್ತಿದ್ದರು. ಆ ಕ್ಯಾಲೆಂಡರ್ ಎದುರು ನಾನು ಹಲವು ಸಲ ಕುಳಿತು ಚಹಾ ಕುಡಿದಿದ್ದೇನೆ. ಅದು ಅಡುಗೆಮನೆಯ ಭಾಗ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಹೋಳಿಗೆಯ ದಿನ

ಏಪ್ರಿಲ್ ತಿಂಗಳ ನಡುಭಾಗ. ಹಗಲಿನ ತಾಪ ನಲವತ್ತು ಡಿಗ್ರಿ ದಾಟಿತ್ತು. ಮಧ್ಯಾಹ್ನ ಒಬ್ಬ ದಾನಿಯ ತಾಯಿಯ ಪುಣ್ಯಸ್ಮರಣೆಯ ಹೋಳಿಗೆ ಊಟ. ಹೋಳಿಗೆ ಎಂದ ಮೇಲೆ ಕಟ್ಟಿನ ಸಾರು ಇರಲೇಬೇಕು. ಕಡಲೆಬೇಳೆ ಬೇಯಿಸಿ ಬಸಿದ ಕಟ್ಟಿಗೆ ಒಂದು ಹಿಡಿ ಹೂರಣ, ಮಸಾಲೆ, ಹುಣಸೆ ಹಾಕಿ ಬೆಳಿಗ್ಗೆ ಹತ್ತೂವರೆಗೆ ದೊಡ್ಡ ಡಬರಿಯಲ್ಲಿ ಕುದಿಸಿದರು. ಸರಿಯಾಗಿಯೇ ಕುದಿಸಿದರು.

ದಾನಿಯ ಕಡೆಯಿಂದ ಬರಬೇಕಿದ್ದ ಮೂವತ್ತು ಮಂದಿಯಲ್ಲಿ ಬಂದವರು ಎಂಟು. ಸುಮಾರು ಇಪ್ಪತ್ತು ಲೀಟರ್ ಸಾರು ಉಳಿಯಿತು. ರಾತ್ರಿಗೆ ಬಳಸಬಹುದಿತ್ತು. ಆದರೆ ಅದೇ ಸಂಜೆ ಮತ್ತೊಬ್ಬ ದಾನಿ ಹುಟ್ಟುಹಬ್ಬದ ಪಲಾವ್ ತಂದರು. ತಂದ ಅನ್ನವನ್ನು ಬೇಡ ಎನ್ನಲಾಗದು, ಇದ್ದ ಸಾರನ್ನು ಚೆಲ್ಲಲಾಗದು. ಅಕ್ಕ ಡಬರಿಗೆ ಮುಚ್ಚಳ ಮುಚ್ಚಿ, ಇರುವೆ ಬಾರದಂತೆ ಸುತ್ತ ನೀರಿನ ಬಟ್ಟೆ ಇಟ್ಟು, ಕಟ್ಟೆಯ ಮೇಲೆ ಬಿಟ್ಟರು. ಅದರಲ್ಲಿ ಅವರಿಗೆ ಅಳುಕೇನೂ ಇರಲಿಲ್ಲ. ನಮ್ಮ ಕಡೆ ಕೇಳಿ ನೋಡಿ: ಕಟ್ಟಿನ ಸಾರಿನ ರುಚಿ ಇರುವುದೇ ಮರುದಿನ.

ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಅದನ್ನು ಬಿಸಿ ಮಾಡಿ ಅನ್ನದ ಜೊತೆ ಬಡಿಸಿದರು. ಹುಳಿ ವಾಸನೆ ಇರಲಿಲ್ಲ, ನೊರೆ ಇರಲಿಲ್ಲ. ಇಬ್ಬರು ಅಜ್ಜಂದಿರು ಎರಡನೆಯ ಸಲ ಹಾಕಿಸಿಕೊಂಡರು.

ರಾತ್ರಿ ಎಂಟು ಗಂಟೆ ನಲವತ್ತು ನಿಮಿಷಕ್ಕೆ ಮೊದಲ ಅಜ್ಜಿ ಹೊಟ್ಟೆ ಹಿಡಿದುಕೊಂಡು ಎದ್ದರು. ಹತ್ತರಿಂದ ಎರಡು ಗಂಟೆಯ ಒಳಗೆ ಶೌಚಾಲಯಗಳ ಮುಂದೆ ಸಾಲು. ಬೆಳಗಿನ ಜಾವ ನಾಲ್ಕೂವರೆಗೆ ಕೊನೆಯವರು. ಒಟ್ಟು 22 ಮಂದಿ. ಹೊಟ್ಟೆ ಮುರಿತ, ನೀರು ನೀರಾದ ಭೇದಿ. ವಾಂತಿ ಮೂವರಿಗೆ ಮಾತ್ರ, ಜ್ವರ ಯಾರಿಗೂ ಇಲ್ಲ.

ರಾತ್ರಿ ಪಾಳಿಯ ನರ್ಸ್ ಇಪ್ಪತ್ತನಾಲ್ಕು ವರ್ಷದ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಆಕೆ ಅಂದು ಮಾಡಿದ ಎರಡು ಕೆಲಸಗಳಿಂದಲೇ ಈ ಬರಹ ಸಾಧ್ಯವಾಗಿದೆ. ಕೈಗೆ ಸಿಕ್ಕ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಯಾರು ಎಷ್ಟು ಗಂಟೆಗೆ ಮೊದಲ ಸಲ ಎದ್ದರು ಎಂದು ಬರೆಯುತ್ತ ಹೋದರು. ಇನ್ನೊಂದು, ಓಆರ್‌ಎಸ್ ಪೊಟ್ಟಣಗಳನ್ನು ಒಡೆದು, ಒಂದು ಲೀಟರ್ ನೀರಿಗೆ ಒಂದರಂತೆ ಕಲಸಿ ಲೋಟ ಲೋಟ ಕುಡಿಸಿದರು. ಮ್ಯಾನೇಜರ್ ಫೋನಿನಲ್ಲಿ ತಡೆದರಂತೆ: ‘ನೀರು ಕೊಟ್ಟರೆ ಭೇದಿ ಹೆಚ್ಚಾಗುತ್ತದೆ, ಬಾಯಿಗೆ ಏನೂ ಹಾಕಬೇಡ.’ ಇದು ನಮ್ಮಲ್ಲಿ ಬೇರುಬಿಟ್ಟ ನಂಬಿಕೆ. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಕಡಿಮೆ, ಕೇಳಿ ಕುಡಿಯುವವರಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಾದರೆ ಅರ್ಧ ದಿನದ ಭೇದಿಯೇ ಮೂತ್ರಪಿಂಡಕ್ಕೆ ಏಟು ಕೊಡಬಲ್ಲದು. ಹುಡುಗಿ ‘ಆಯಿತು ಸರ್’ ಎಂದು ಫೋನಿಟ್ಟು ಕುಡಿಸುವುದನ್ನು ಮುಂದುವರಿಸಿದರು.

ಬೆಳಿಗ್ಗೆ ಇಬ್ಬರನ್ನು ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಿಸಬೇಕಾಯಿತು. ಉಳಿದವರು ಅಂದು ಸಂಜೆಯೊಳಗೆ ಚೇತರಿಸಿಕೊಂಡರು. ಯಾರೂ ತೀರಿಕೊಳ್ಳಲಿಲ್ಲ. ಆದರೆ ಆಸ್ಪತ್ರೆ ಸೇರಿದ್ದ ಒಬ್ಬ ಅಜ್ಜಿ ಹನ್ನೊಂದು ದಿನ ಮಲಗಿ ಎದ್ದ ಮೇಲೆ ಮೊದಲಿನಂತೆ ಗೋಡೆ ಹಿಡಿಯದೆ ನಡೆಯಲು ಆಗಲೇ ಇಲ್ಲ. ಒಂದು ದಿನದ ಹೊಟ್ಟೆನೋವು ಎಂದು ಇದನ್ನು ಯಾರಾದರೂ ಹಗುರಾಗಿ ಮಾತಾಡಿದರೆ ನನಗೆ ಆ ಅಜ್ಜಿಯ ವಾಕರ್ ನೆನಪಾಗುತ್ತದೆ.

ಬೆಳಗಿನ ತಪ್ಪುಗಳು

ನಾನು ತಲುಪಿದ್ದು ಒಂಬತ್ತು ಗಂಟೆಗೆ. ಅಷ್ಟರೊಳಗೆ ಮೂರು ನಿರ್ಧಾರಗಳು ಆಗಿಹೋಗಿದ್ದವು.

ಡಬರಿಯನ್ನು ತಿಕ್ಕಿ ತೊಳೆದು ಕವುಚಿ ಹಾಕಿದ್ದರು. ಅಕ್ಕ ಬೆಳಿಗ್ಗೆ ಐದಕ್ಕೇ ಬಂದು, ಸುದ್ದಿ ಕೇಳಿ, ಉಳಿದದ್ದನ್ನೆಲ್ಲ ಮೋರಿಗೆ ಸುರಿದು ಇಡೀ ಅಡುಗೆಮನೆಯನ್ನು ತೊಳೆದಿದ್ದರು. ಅಪರಾಧ ಮುಚ್ಚುವುದಕ್ಕಲ್ಲ, ನಾಚಿಕೆಗೆ. ಮನೆಗೆ ಸೂತಕ ಬಂದಾಗ ತೊಳೆಯುವಂತೆ ತೊಳೆದಿದ್ದರು. ಪರೀಕ್ಷೆಗೆ ಒಂದು ಚಮಚ ಆಹಾರವೂ ಉಳಿದಿರಲಿಲ್ಲ.

ಎರಡನೆಯದು, ಸುದ್ದಿ ಹೊರಗೆ ಹೋಗಬಾರದು ಎಂಬ ಟ್ರಸ್ಟಿಯವರ ಅಪ್ಪಣೆ. ‘ಪೇಪರಿನಲ್ಲಿ ಬಂದರೆ ದಾನ ನಿಲ್ಲುತ್ತದೆ, ಸಾಹೇಬರೇ’ ಎಂದರು. ಅವರ ಭಯ ಸುಳ್ಳಲ್ಲ. ಆದರೆ ಆಸ್ಪತ್ರೆಯ ವೈದ್ಯರು ಅಷ್ಟರಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಿದ್ದರು. ಒಂದೇ ಕಡೆ ಒಂದೇ ರಾತ್ರಿ ಇಷ್ಟು ಜನಕ್ಕೆ ಭೇದಿಯಾದರೆ ರೋಗ ಕಣ್ಗಾವಲು ಘಟಕಕ್ಕೆ ವರದಿ ಹೋಗುವುದು ಕ್ರಮ. ಸಂಸ್ಥೆಯೇ ರಾತ್ರಿ ತಿಳಿಸಿದ್ದರೆ ಸಾರಿನ ಮಾದರಿ ಸಿಗುತ್ತಿತ್ತು.

ಮೂರನೆಯದು, ಕಿರಿಯ ಸಹಾಯಕಿಯನ್ನು ಕೆಲಸದಿಂದ ತೆಗೆದಿದ್ದರು. ಆಕೆಯ ಬೆರಳಿಗೆ ಹಿಂದಿನ ವಾರ ಈಳಿಗೆ ತಾಗಿ ಗಾಯವಾಗಿತ್ತು, ಬಟ್ಟೆ ಸುತ್ತಿಕೊಂಡಿದ್ದಳು. ಗಾಯದ ಕೈಯಿಂದ ಸ್ಟ್ಯಾಫಿಲೊಕಾಕಸ್ ಎಂಬ ಜೀವಾಣು ಆಹಾರ ಸೇರಿ ವಿಷ ಕಾರುವುದು ಖಂಡಿತ ಉಂಟು, ಗಾಯದ ಕೈಯನ್ನು ಅಡುಗೆಗೆ ಬಿಟ್ಟದ್ದು ತಪ್ಪೂ ಹೌದು. ಆದರೆ ಆ ವಿಷ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಕಾಡುತ್ತದೆ, ವಾಂತಿಯೇ ಅದರ ಮುಖ್ಯ ಲಕ್ಷಣ. ಇಲ್ಲಿ ವಾಂತಿ ಮೂವರಿಗೆ. ಆಕೆ ಸಿಕ್ಕಿಬಿದ್ದದ್ದು ಜೀವಾಣುವಿನಿಂದಲ್ಲ, ಅಲ್ಲಿನ ಎಲ್ಲರಿಗಿಂತ ಬಡವಳಾಗಿದ್ದುದರಿಂದ.

ನಾನು ಒಂದು ಷರತ್ತು ಹಾಕಿದೆ: ವಿಚಾರಣೆ ಮುಗಿಯುವವರೆಗೆ ಯಾರನ್ನೂ ತೆಗೆಯಬಾರದು, ಆ ಹುಡುಗಿಯನ್ನು ಇಂದೇ ವಾಪಸು ಕರೆಸಬೇಕು. ಟ್ರಸ್ಟಿ ಗೊಣಗಿದರು, ಒಪ್ಪಿದರು. ಮಧ್ಯಾಹ್ನ ಆಕೆ ಬಂದು, ಯಾರೂ ಇಲ್ಲದಾಗ, ತಾನು ಕೂಡ ಆ ಸಾರು ಉಂಡಿದ್ದಾಗಿಯೂ ರಾತ್ರಿ ನಾಲ್ಕು ಸಲ ಎದ್ದಿದ್ದಾಗಿಯೂ ಹೇಳಿದಳು. ಕೆಲಸ ಹೋಗುತ್ತದೆಂದು ಬಾಯಿ ಬಿಟ್ಟಿರಲಿಲ್ಲ. ಕೆಲಸದಿಂದ ತೆಗೆದೇ ಬಿಟ್ಟಿದ್ದರೆ ಈ ಮಾತು ನಮಗೆ ಸಿಗುತ್ತಲೇ ಇರಲಿಲ್ಲ.

ಏಕಾದಶಿಯ ಐವರು

ಆಶ್ರಮದಲ್ಲಿ ಎಲ್ಲರ ಬಾಯಲ್ಲಿದ್ದದ್ದು ಎರಡು ಆರೋಪ. ಬೇಸಿಗೆಗೆ ತರಿಸುತ್ತಿದ್ದ ಟ್ಯಾಂಕರ್ ನೀರು ಒಂದು, ಹೊರಗಿನಿಂದ ಬಂದ ಪಲಾವ್ ಇನ್ನೊಂದು. ಎರಡೂ ‘ಹೊರಗಿನವು’. ಯಾವ ಮನೆಯಲ್ಲಾದರೂ ಮೊದಲ ಅನುಮಾನ ಹೊರಗಿನದರ ಮೇಲೆಯೇ.

ನಾನು ಒಂದು ದೊಡ್ಡ ಹಾಳೆಯಲ್ಲಿ 48 ಹೆಸರು ಬರೆದು, ಎರಡು ದಿನಗಳ ನಾಲ್ಕು ಊಟದಲ್ಲಿ ಯಾರು ಏನು ಉಂಡರು ಎಂದು ಮಂಚದಿಂದ ಮಂಚಕ್ಕೆ ಹೋಗಿ ಕೇಳಿದೆ. ಮುದುಕರಿಗೆ ಮರೆವು ಎನ್ನುತ್ತಾರೆ. ಊಟದ ವಿಷಯದಲ್ಲಿ ಅಲ್ಲ. ಯಾರು ಎರಡನೆಯ ಸಲ ಹಾಕಿಸಿಕೊಂಡರು ಎಂಬುದನ್ನು ಪಕ್ಕದವರೂ ಹೇಳುತ್ತಿದ್ದರು.

ಮರುದಿನದ ಸಾರು ಉಂಡವರು 29 ಮಂದಿ, ಅವರಲ್ಲಿ 21 ಜನಕ್ಕೆ ಭೇದಿ. ಉಣ್ಣದವರು 19, ಅವರಲ್ಲಿ ಒಬ್ಬರಿಗೆ. ಆ ಒಬ್ಬರಿಗೆ ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಮೊದಲೇ ಆಗಾಗ ಹೊಟ್ಟೆ ಸಡಿಲವಾಗುತ್ತಿತ್ತು. ಉಣ್ಣದವರಲ್ಲಿ ಹನ್ನೊಂದು ಮಂದಿ ಹಲ್ಲಿಲ್ಲದವರು. ಹಾಲಿನಲ್ಲಿ ನೆನೆಸಿದ ರೊಟ್ಟಿ, ಮಜ್ಜಿಗೆ ಅನ್ನ ಅವರ ಊಟ. ಮೂವರು ಅಂದು ನೆಂಟರ ಮನೆಗೆ ಹೋಗಿದ್ದರು. ಉಳಿದ ಐವರೇ ಇಡೀ ಗಂಟನ್ನು ಬಿಚ್ಚಿದವರು. ಅಂದು ಏಕಾದಶಿ. ಅವರು ಉಪವಾಸವಿದ್ದು ಹಣ್ಣು ಮತ್ತು ಹಾಲು ಮಾತ್ರ ತೆಗೆದುಕೊಂಡಿದ್ದರು. ಹಿಂದಿನ ರಾತ್ರಿ ಐವರೂ ಪಲಾವ್ ಉಂಡಿದ್ದರು, ಎರಡೂ ದಿನ ಅದೇ ಟ್ಯಾಂಕರ್ ನೀರು ಕುಡಿದಿದ್ದರು. ಐವರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

ಅದರ ಪಕ್ಕದಲ್ಲಿ ನರ್ಸ್ ಬರೆದ ಹಾಳೆಯನ್ನಿಟ್ಟೆ. ಊಟವಾಗಿ ಎಂಟರಿಂದ ಹದಿನಾರು ಗಂಟೆ, ಹೊಟ್ಟೆ ಮುರಿತ ಮತ್ತು ಭೇದಿ, ಜ್ವರವಿಲ್ಲ, ವಾಂತಿ ಅಪರೂಪ, ಒಂದು ದಿನದಲ್ಲಿ ಗುಣ. ದೊಡ್ಡ ಪಾತ್ರೆಯ ಅಡುಗೆ ಇರುವಲ್ಲೆಲ್ಲ ಕಾಡುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಜೀವಾಣುವಿನ ಚಹರೆ ಇದು. ಮಾಂಸದ ಅಡುಗೆಯಲ್ಲಿ ಹೆಚ್ಚು ಎನ್ನುತ್ತಾರೆ, ಆದರೆ ಬೇಳೆಯ ಗಟ್ಟಿ ಸಾರೂ ಅದಕ್ಕೆ ಒಳ್ಳೆಯ ಗದ್ದೆಯೇ. ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಜೀವಾಣುವಿನ ಭೇದಿ ತರುವ ಬಗೆಯೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ. ಅದನ್ನು ಪೂರ್ತಿ ತಳ್ಳಿಹಾಕಲಾರೆ. ಮಲದ ಮಾದರಿಯ ವರದಿಯಲ್ಲಿ ಕಾಲರಾ, ಶಿಗೆಲ್ಲಾ, ಸಾಲ್ಮೊನೆಲ್ಲಾ ಇಲ್ಲ ಎಂದು ಬಂತು. ಪರ್ಫ್ರಿಂಜೆನ್ಸ್ ಆಮ್ಲಜನಕ ಇಲ್ಲದಲ್ಲಿ ಬೆಳೆಯುವ ಜೀವಿ, ಅದನ್ನು ಬೇರೆಯಾಗಿಯೇ ಹುಡುಕಬೇಕು, ಯಾರೂ ಹುಡುಕಿರಲಿಲ್ಲ. ಆದ್ದರಿಂದ ಈ ತೀರ್ಮಾನ ಪ್ರಯೋಗಾಲಯದ್ದಲ್ಲ, ಎರಡು ಹಾಳೆಗಳದ್ದು.

ಡಬರಿಯೊಳಗಿನ ರಾತ್ರಿ

ಅಕ್ಕ ಒಪ್ಪಲಿಲ್ಲ. ‘ಕುದಿಸಿದ ಸಾರು, ಸಾಹೇಬರೇ. ಮುಚ್ಚಿಟ್ಟ ಸಾರು. ನಾನೇ ಮುಟ್ಟಿದ್ದು. ಅದರೊಳಗೆ ಹುಳ ಎಲ್ಲಿಂದ ಬರಬೇಕು?’

ಪ್ರಶ್ನೆ ನ್ಯಾಯವಾದದ್ದೇ. ಮೂವತ್ತು ವರ್ಷ ನಾವು ಆರೋಗ್ಯ ಇಲಾಖೆಯವರು ಊರೂರಲ್ಲಿ ಹೇಳಿದ್ದು ಅದನ್ನೇ ಅಲ್ಲವೇ: ಕುದಿಸಿ, ಮುಚ್ಚಿಡಿ. ಅಕ್ಕ ನಮ್ಮ ಪಾಠವನ್ನು ತಪ್ಪದೆ ಪಾಲಿಸಿದ್ದರು.

ಈ ಜೀವಾಣು ಹೊರಗಿನಿಂದ ಬರಬೇಕಿಲ್ಲ. ಮಣ್ಣಿನಲ್ಲಿ, ಬೇಳೆಯಲ್ಲಿ, ಮಸಾಲೆ ಪುಡಿಯಲ್ಲಿ ಸ್ಪೋರ್ ಎಂಬ ಗಟ್ಟಿ ಕವಚದ ರೂಪದಲ್ಲಿ ಮಲಗಿರುತ್ತದೆ. ಕುದಿಯುವ ನೀರು ಅದನ್ನು ಸಾಯಿಸುವುದಿಲ್ಲ, ಬದಲಾಗಿ ಎಬ್ಬಿಸುತ್ತದೆ. ಕುದಿಯುವಾಗ ಸಾರಿನೊಳಗಿನ ಗಾಳಿ ಹೊರಟುಹೋಗುತ್ತದೆ; ಅದಕ್ಕೂ ಅದೇ ಬೇಕು. ಆಮೇಲೆ ಸಾರು ಸುಮಾರು ಐವತ್ತು ಡಿಗ್ರಿಗೆ ಇಳಿಯುವುದನ್ನೇ ಕಾಯುತ್ತದೆ. ನಲವತ್ಮೂರು–ನಲವತ್ತೈದು ಡಿಗ್ರಿಯ ಹತ್ತಿರ ಅದರ ಹಬ್ಬ, ಸುಮಾರು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿ. ಒಂದು ಗಂಟೆಗೆ ಒಂದು ಅರವತ್ನಾಲ್ಕಾಗುತ್ತದೆ, ಮೂರು ಗಂಟೆಗೆ ಎರಡೂವರೆ ಲಕ್ಷ ಮೀರುತ್ತದೆ. ವಾಸನೆಯೂ ಕೆಡುವುದಿಲ್ಲ, ರುಚಿಯೂ ಕೆಡುವುದಿಲ್ಲ.

ಹೀಗೆ ಹೇಳಿದರೆ ಪಾಠ ಒಪ್ಪಿಸಿದಂತಾಗುತ್ತದೆ, ಅಷ್ಟೆ. ಆದ್ದರಿಂದ ಸಾರನ್ನೇ ಮಾಡಿಸಿದೆ. ಅದೇ ಡಬರಿ, ಅದೇ ಇಪ್ಪತ್ತು ಲೀಟರ್, ಅದೇ ಮುಚ್ಚಳ, ಅದೇ ಕಟ್ಟೆ. ಉದ್ದ ಕಡ್ಡಿಯ ಅಡುಗೆ ಥರ್ಮಾಮೀಟರನ್ನು ನಡುಮಧ್ಯಕ್ಕೆ ಇಳಿಸಿ ಓದುವ ಕೆಲಸವನ್ನು ಅಕ್ಕನಿಗೇ ಕೊಟ್ಟೆ. ಮಧ್ಯಾಹ್ನ ಹನ್ನೆರಡೂವರೆಗೆ 92 ಡಿಗ್ರಿ. ಮೂರೂವರೆಗೆ 66. ಆರೂವರೆಗೆ 52. ರಾತ್ರಿ ಒಂಬತ್ತೂವರೆಗೆ 44. ಹನ್ನೆರಡೂವರೆಗೆ 40. ಬೆಳಿಗ್ಗೆ ಆರಕ್ಕೆ 35. ಓದು ಬಾರದ ಅಕ್ಕ ಅಂಕಿಗಳನ್ನು ಮಾತ್ರ ಗುರುತಿಸುತ್ತಿದ್ದರು. ಇದ್ದಲಿನಿಂದ ಗೋಡೆಯ ಮೇಲೆ ಬರೆದಿದ್ದರು. ಒಂಬತ್ತೂವರೆಯ ನಲವತ್ನಾಲ್ಕನ್ನು ತೋರಿಸಿ, ‘ಹಬ್ಬದ ಹೊತ್ತು ಇದೇನು?’ ಎಂದು ಕೇಳಿದರು. ಆಮೇಲೆ ವಾದ ಮಾಡಲಿಲ್ಲ.

ಮರುದಿನ ಯಾವಾಗಲೂ ಮಾಡುವಂತೆ ಬಿಸಿ ಮಾಡಲು ಹೇಳಿದೆ. ಅಂಚಿನಲ್ಲಿ ಆವಿ ಕಂಡ ಕೂಡಲೇ ಇಳಿಸಿದರು: 54 ಡಿಗ್ರಿ. ಅಜ್ಜ ಅಜ್ಜಿಯರ ಬಾಯಿ ಸುಡಬಾರದು ಎಂಬ ಕಾಳಜಿ, ಜೊತೆಗೆ ಗ್ಯಾಸ್ ಉಳಿಸುವ ಕಾಳಜಿ. ಈ ಒಂದು ಜೀವಾಣುವಿನ ಮಟ್ಟಿಗೆ, ಬಡಿಸುವ ಮೊದಲು ಸಾರನ್ನು ಮತ್ತೆ ಕೊತಕೊತ ಕುದಿಸಿದ್ದರೆ ರಾತ್ರಿ ಬೆಳೆದದ್ದೆಲ್ಲ ಸಾಯುತ್ತಿತ್ತು, ಏಕೆಂದರೆ ಇದು ಜೀವಂತವಾಗಿ ಕರುಳು ಸೇರಿದ ಮೇಲೆ ಅಲ್ಲಿ ವಿಷ ಬಿಡುತ್ತದೆ. ಆದರೆ ಇದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಸ್ಟ್ಯಾಫಿಲೊಕಾಕಸ್ ಮತ್ತು ಅನ್ನದಲ್ಲಿ ಬೆಳೆಯುವ ಸೀರಿಯಸ್‌ನ ವಾಂತಿಯ ವಿಷ ಆಹಾರದಲ್ಲೇ ಸಿದ್ಧವಾಗಿ ಕುಳಿತಿರುತ್ತದೆ. ಅದನ್ನು ಎಷ್ಟು ಕುದಿಸಿದರೂ ಹೋಗುವುದಿಲ್ಲ.

ಒಂದು ಪ್ರಶ್ನೆ ಮಾತ್ರ ನನಗೂ ಬಗೆಹರಿದಿರಲಿಲ್ಲ. ನಮ್ಮ ಮನೆಯಲ್ಲೂ ಮರುದಿನದ ಕಟ್ಟಿನ ಸಾರನ್ನು ಉಂಡೇ ಬೆಳೆದಿದ್ದೇವೆ. ಆಗ ಯಾಕೆ ಏನೂ ಆಗಲಿಲ್ಲ? ಉತ್ತರ ಕೊಟ್ಟವರು ಎಂಬತ್ತೆರಡು ವರ್ಷದ ಅಜ್ಜಿ. ಥರ್ಮಾಮೀಟರ್ ಸುತ್ತ ನಡೆಯುತ್ತಿದ್ದ ಗದ್ದಲವನ್ನು ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದವರು, ‘ನೀವು ಕೆಂಡ ಎಲ್ಲಿ ಇಟ್ಟಿದ್ದೀರಿ, ತಮ್ಮಾ?’ ಎಂದರು. ಅವರ ಅತ್ತೆಯ ಕಾಲದಲ್ಲಿ ಸಾರಿನ ಗಡಿಗೆಯನ್ನು ಒಲೆಯಿಂದ ಇಳಿಸುತ್ತಲೇ ಇರಲಿಲ್ಲವಂತೆ. ಉರಿ ತೆಗೆದು, ಕೆಂಡದ ಮೇಲೆ ಬೂದಿ ಮುಚ್ಚಿ, ಗಡಿಗೆಯನ್ನು ಅಲ್ಲಿಯೇ ಬಿಡುತ್ತಿದ್ದರು. ಬೆಳಿಗ್ಗೆ ಮುಟ್ಟಿದರೆ ಕೈ ಸುಡುತ್ತಿತ್ತು. ‘ಹುಣಸೆ ಎಷ್ಟು ಹಾಕುತ್ತಿದ್ದೆವು ಎಂದರೆ, ಬಾಯಿಗಿಟ್ಟರೆ ಕಣ್ಣು ತಾನೇ ಮುಚ್ಚಬೇಕು. ಈಗಿನದು ಸಾರಲ್ಲ, ಗಂಜಿ.’

ಬಹಳ ಹೊತ್ತು ನಾನು ಆ ಮಾತನ್ನೇ ಯೋಚಿಸಿದೆ. ಬಿಸಿ ಆಹಾರ ಅರವತ್ತು ಡಿಗ್ರಿಗಿಂತ ಕೆಳಗೆ ಇಳಿಯಬಾರದು ಎಂದು ನಾವು ತರಬೇತಿಯಲ್ಲಿ ಹೇಳುವುದನ್ನು ಕೆಂಡ ಮಾಡುತ್ತಿತ್ತು. ಹುಳಿ ಹೆಚ್ಚಾದಷ್ಟೂ ಈ ಜೀವಾಣುವಿಗೆ ಬೆಳೆಯಲು ಕಷ್ಟ; ಅದನ್ನು ಹುಣಸೆ ನೋಡಿಕೊಳ್ಳುತ್ತಿತ್ತು. ಆಶ್ರಮಕ್ಕೆ ಗ್ಯಾಸ್ ಬಂತು, ಕೆಂಡ ಹೋಯಿತು. ಅಸಿಡಿಟಿ ಇರುವವರಿಗಾಗಿ ಅಕ್ಕ ವರ್ಷದಿಂದ ವರ್ಷಕ್ಕೆ ಹುಣಸೆ ಕಡಿಮೆ ಮಾಡುತ್ತ ಬಂದರು. ನಾಲ್ಕು ಜನರ ಗಡಿಗೆ ಐವತ್ತು ಜನರ ಡಬರಿಯಾಯಿತು. ಬದಲಾಗದೆ ಉಳಿದದ್ದು ‘ಮರುದಿನವೇ ರುಚಿ’ ಎಂಬ ಮಾತೊಂದೇ.

ಮಾಡಿ ನೋಡಿದ್ದು, ಕೆಟ್ಟದ್ದು

ಟ್ರಸ್ಟಿಯವರು ಕೈಕಟ್ಟಿ ಕೂರಲಿಲ್ಲ. ಮೊದಲ ವಾರದಲ್ಲೇ ಟಾಕಿ ತೊಳೆಸಿದರು, ಟೋಪಿ ಮತ್ತು ಕೈಗವಸು ತರಿಸಿದರು, ಗೋಡೆಗೆ ಫಲಕ ಹಾಕಿಸಿದರು. ಫೋಟೊ ತೆಗೆಸಲು ಇವು ಚೆನ್ನ. ಕೈಗವಸು ಬಂದ ಮೇಲೆ ಸಹಾಯಕಿಯರು ಕೈ ತೊಳೆಯುವುದನ್ನು ಬಿಟ್ಟರು. ಅದೇ ಕೈಗವಸಿನಲ್ಲಿ ಫೋನ್ ಎತ್ತಿ, ಅದೇ ಕೈಗವಸಿನಲ್ಲಿ ರೊಟ್ಟಿ ಹಿಟ್ಟು ನಾದುವುದನ್ನು ನಾನು ನೋಡಿದೆ. ಎರಡನೆಯ ವಾರ ಕೈಗವಸುಗಳನ್ನು ಪೆಟ್ಟಿಗೆಗೆ ಹಾಕಿಸಿ, ಗಾಯವಾದವರಿಗೆ ಮಾತ್ರ ಎಂದು ಮಾಡಿದೆವು. ಗಾಯವಾದವರಿಗೆ ಸಂಬಳ ಕಡಿಯದೆ ಅಡುಗೆಯಿಂದ ಬಿಡುವು ಎಂದೂ ಸೇರಿಸಿದೆವು. ಸಂಬಳ ಕಡಿದರೆ ಯಾರೂ ಗಾಯ ತೋರಿಸುವುದಿಲ್ಲ.

ಆಮೇಲೆ ದೊಡ್ಡ ಫ್ರಿಜ್ ಬಂತು. ಇದು ನನ್ನದೇ ಸಲಹೆ, ನನ್ನದೇ ತಪ್ಪು. ಹೇಗೆ ಬಳಸಬೇಕೆಂದು ಹೇಳದೆ ಬಂದುಬಿಟ್ಟೆ. ಅಕ್ಕ ಒಳಗಿನ ಎರಡು ಹಲಗೆ ತೆಗೆಸಿ, ಬಿಸಿ ಬೇಳೆಸಾರಿನ ಡಬರಿಯನ್ನು ಇಡಿಯಾಗಿ ಒಳಗಿಟ್ಟರು. ಐದು ಗಂಟೆಯ ನಂತರವೂ ಡಬರಿಯ ನಡುವೆ 40ಕ್ಕಿಂತ ಹೆಚ್ಚು. ಅಷ್ಟೇ ಅಲ್ಲ, ಡಬರಿಯ ಶಾಖಕ್ಕೆ ಫ್ರಿಜ್ಜೇ ಬೆಚ್ಚಗಾಗಿ, ಬೆಳಗಿನ ಚಹಾಕ್ಕಿಟ್ಟ ಹಾಲು ಒಡೆಯಿತು. ಫ್ರಿಜ್ ಇರುವುದು ತಣ್ಣಗಾದದ್ದನ್ನು ತಣ್ಣಗೇ ಇಡುವುದಕ್ಕೆ. ಇಪ್ಪತ್ತು ಲೀಟರ್ ಕುದಿಸಾರನ್ನು ತಣಿಸುವುದು ಅದರ ಕೈಲಾಗದ ಕೆಲಸ.

ಕೊನೆಗೆ ಕೆಲಸಕ್ಕೆ ಬಂದದ್ದು ರೊಟ್ಟಿ ಹಿಟ್ಟು ನಾದುವ ಪರಾತಗಳು. ಉಳಿದ ಸಾರನ್ನು ನಾಲ್ಕು ಬೆರಳಿಗಿಂತ ಹೆಚ್ಚು ಆಳವಾಗದಂತೆ ಪರಾತಗಳಿಗೆ ಸುರಿದು, ಅವನ್ನು ತಣ್ಣೀರಿನ ತೊಟ್ಟಿಯಲ್ಲಿ ನಿಲ್ಲಿಸಿ, ಮೇಲೆ ಜಾಲರಿ ಮುಚ್ಚಿ, ಆಗಾಗ ತಿರುವುವುದು. ಅರವತ್ತರಿಂದ ಇಪ್ಪತ್ತೊಂದು ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ ಐದಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕೆಂಬುದು ಲೆಕ್ಕ. ನಮ್ಮ ಬೇಸಿಗೆಯಲ್ಲಿ ತೊಟ್ಟಿಯ ನೀರೇ ಮೂವತ್ತರ ಹತ್ತಿರ ಇರುವುದರಿಂದ ಒಂದು ಗಂಟೆಯಲ್ಲಿ ಮೂವತ್ತೈದಕ್ಕೆ ಇಳಿಸಿ, ಉಳಿದದ್ದನ್ನು ಪರಾತದ ಸಮೇತ ಫ್ರಿಜ್ಜಿಗೆ ಬಿಡಬೇಕಾಯಿತು. ಐದಾರು ಲೀಟರಿಗೆ ಇದು ನಡೆಯಿತು. ಇಪ್ಪತ್ತು ಲೀಟರಿಗೆ ಅಷ್ಟು ಪರಾತವೂ ಇಲ್ಲ, ಫ್ರಿಜ್ಜಿನಲ್ಲಿ ಜಾಗವೂ ಇಲ್ಲ.

ಅಂದರೆ ಇಪ್ಪತ್ತು ಲೀಟರ್ ಉಳಿಯುವಂತೆಯೇ ಆಗಬಾರದು. ಅದು ಅಕ್ಕನ ಕೈಯಲ್ಲಿರಲಿಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿತ್ತು.

ಕ್ಯಾಲೆಂಡರ್

ಹಳೆಯ ಹಾಳೆಗಳನ್ನು ತಿರುವಿದೆ. ಒಂದೇ ದಿನ ಎರಡು ದಾನ ಬರೆದ ದಿನಗಳು ಪ್ರತಿ ತಿಂಗಳೂ ಇದ್ದವು. ಶ್ರಾವಣದಲ್ಲಂತೂ ಮೂರು ಮೂರು. ಅಂಥ ದಿನದ ಮರುದಿನ ‘ಹೊಟ್ಟೆ ಸರಿಯಿಲ್ಲ’ ಎಂದು ಮಾತ್ರೆ ಕೊಟ್ಟ ನಮೂದು ನರ್ಸ್‌ಗಳ ಪುಸ್ತಕದಲ್ಲಿ ಅಲ್ಲಲ್ಲಿ ಕಂಡವು, ಇಬ್ಬರಿಗೆ, ಮೂವರಿಗೆ. ವಯಸ್ಸಾದವರ ಹೊಟ್ಟೆ ಎಂದು ಎಲ್ಲರೂ ಬಿಟ್ಟಿದ್ದರು. ನಾನೂ ಆ ಪುಸ್ತಕ ನೋಡಿದ್ದವನೇ.

ಟ್ರಸ್ಟಿನ ಸಭೆಯಲ್ಲಿ ನಾನಿಟ್ಟದ್ದು ಸಣ್ಣ ಬೇಡಿಕೆ: ಒಂದು ದಿನಕ್ಕೆ ಒಂದೇ ದಾನದ ಊಟ, ಹೊರಗಿನ ಅಡುಗೆ ಬರುವ ಹೊತ್ತಿಗೆ ಒಳಗೆ ಅಡುಗೆ ಇಲ್ಲ, ಹೊರಗಿನದು ಬಿಸಿಯಾಗಿಯೇ ಬರಬೇಕು, ಅರವತ್ತು ಡಿಗ್ರಿಗಿಂತ ಕಡಿಮೆ ಇದ್ದರೆ ಕೈಮುಗಿದು ವಾಪಸು, ಬರುವ ಜನರ ಲೆಕ್ಕ ಹಿಂದಿನ ಸಂಜೆಯೇ ಹೇಳಬೇಕು. ಎರಡು ಗಂಟೆ ಚರ್ಚೆಯಾಯಿತು. ಒಬ್ಬರು ‘ಇದು ಹೋಟೆಲೇನು?’ ಎಂದರು. ಧರ್ಮಕ್ಕೆ ನಡೆಸುವ ಅಡುಗೆಮನೆಗೆ ಆಹಾರ ಸುರಕ್ಷತೆಯ ಕಾನೂನು ಅನ್ವಯಿಸುವುದಿಲ್ಲ ಎಂದೇ ಅಲ್ಲಿ ಎಲ್ಲರೂ ತಿಳಿದಿದ್ದರು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಲಾಭಕ್ಕೆ ನಡೆಸುವುದು, ಲಾಭವಿಲ್ಲದೆ ನಡೆಸುವುದು ಎಂದು ಭೇದ ಮಾಡುವುದಿಲ್ಲ ಎಂದು ಓದಿ ತೋರಿಸಿದೆ. ಕಾಯ್ದೆಗೆ ತಲೆದೂಗಿದರು, ಮನಸ್ಸು ಬದಲಾಗಲಿಲ್ಲ.

ಮನಸ್ಸು ಬದಲಾಯಿಸಿದವರು ಆಶ್ರಮದಲ್ಲೇ ವಾಸವಿದ್ದ ನಿವೃತ್ತ ಶಾಲಾ ಮಾಸ್ತರರು, ಆ ರಾತ್ರಿ ಆರು ಸಲ ಎದ್ದವರು. ಅವರನ್ನು ಸಭೆಗೆ ಕರೆಯಬೇಕೆಂದು ಹಟ ಹಿಡಿದದ್ದು ನರ್ಸ್. ಮಾಸ್ತರರು ನಿಂತುಕೊಂಡು ಹೇಳಿದರು: ‘ಪುಣ್ಯತಿಥಿ ಯಾರದ್ದು ಎಂದು ನಮಗೆ ಬೋರ್ಡಿನಲ್ಲಿ ಬರೆದು ತಿಳಿಸುತ್ತೀರಿ. ನಮಗೆ ಹಸಿವಿದೆಯೇ ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ. ಒಂದೇ ದಿನ ಹೋಳಿಗೆಯೂ ಪಲಾವೂ ಉಂಡು, ಮೂರು ದಿನ ಅದರ ಉಳಿಕೆ ಉಣ್ಣುವ ಬದಲು ದಿನಾ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ಕೊಟ್ಟರೆ ಸಾಕು.’ ನಿರ್ಣಯ ಅಂಗೀಕಾರವಾಯಿತು.

ಬೆಲೆಯೂ ತೆರಬೇಕಾಯಿತು. ಒಬ್ಬ ಹಳೆಯ ದಾನಿ, ತಾವು ತಂದ ಬಾತಿಗೆ ಕಡ್ಡಿ ಚುಚ್ಚಿ ನೋಡಿದ್ದಕ್ಕೆ ಸಿಟ್ಟಾಗಿ, ‘ನಮ್ಮ ಅಪ್ಪನ ತಿಥಿಯ ಅನ್ನಕ್ಕೆ ಜ್ವರ ನೋಡುತ್ತೀರಾ?’ ಎಂದು ಪಾತ್ರೆ ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ಇನ್ನು ಕೆಲವರು ಊಟದ ಬದಲು ಗ್ಯಾಸ್ ಸಿಲಿಂಡರಿಗೆ, ಹಾಲಿನ ಲೆಕ್ಕಕ್ಕೆ ಹಣ ಕೊಡಲು ಒಪ್ಪಿದರು. ಬೋರ್ಡಿನಲ್ಲಿ ಹೆಸರು ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅದನ್ನು ನಿಲ್ಲಿಸಿದ್ದರೆ ಯಾರೂ ಉಳಿಯುತ್ತಿರಲಿಲ್ಲ.

ಇಂಥ ಮನೆ ನಡೆಸುವವರು ನನ್ನನ್ನು ಕೇಳಿದರೆ ಈಗ ನಾನು ನೆಲ, ಜಾಲರಿ, ಟೋಪಿಗಳಿಂದ ಶುರು ಮಾಡುವುದಿಲ್ಲ. ನಿಮ್ಮ ಅತಿ ದೊಡ್ಡ ಪಾತ್ರೆ ಯಾವುದು, ಊಟ ಮುಗಿದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ, ರಾತ್ರಿ ಅದು ಎಲ್ಲಿ ಮಲಗುತ್ತದೆ ಎಂದು ಕೇಳುತ್ತೇನೆ. ಪ್ರತಿ ಊಟದ ಪ್ರತಿ ಪದಾರ್ಥದಿಂದ ಒಂದು ಬಟ್ಟಲು ತೆಗೆದು, ದಿನಾಂಕ ಬರೆದು, ಮೂರು ದಿನ ಫ್ರಿಜ್ಜಿನಲ್ಲಿಡಲು ಹೇಳುತ್ತೇನೆ. ಅದು ಅಡುಗೆಯವರ ವಿರುದ್ಧದ ಸಾಕ್ಷಿಯಲ್ಲ. ಹೆಚ್ಚಿನ ಸಲ ಅವರನ್ನು ಉಳಿಸುವುದೇ ಆ ಬಟ್ಟಲು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಪಾತ್ರೆ ತೊಳೆಯುವ ಮೊದಲು ಗಂಟೆ ಬರೆಯಿರಿ ಎನ್ನುತ್ತೇನೆ.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಐದನೆಯ ತಿಂಗಳು ಥರ್ಮಾಮೀಟರ್ ಒಲೆಗೆ ಬಿದ್ದು ಕೆಟ್ಟಿತು. ಮೂರು ವಾರ ಯಾರೂ ಹೊಸದು ತರಲಿಲ್ಲ, ಆದರೆ ಪುಸ್ತಕದಲ್ಲಿ ದಿನವೂ ‘65’ ಎಂದು ಬರೆದಿತ್ತು. ಒಂದೇ ಅಂಕಿ ಇಪ್ಪತ್ತು ದಿನ ಬಂದದ್ದು ನೋಡಿ ಕೇಳಿದಾಗ ಕಿರಿಯ ಸಹಾಯಕಿ ತಲೆ ತಗ್ಗಿಸಿದಳು. ಈಗ ಎರಡು ಥರ್ಮಾಮೀಟರ್ ಇವೆ. ಬರೆಯುವ ಕೆಲಸ ಮಾಸ್ತರರದ್ದು; ಅವರಿಗೆ ಸುಳ್ಳು ಬರೆಯಲು ಬರುವುದಿಲ್ಲ.

ಮುಂದಿನ ವರ್ಷ ಅದೇ ತಾಯಿಯ ಪುಣ್ಯಸ್ಮರಣೆಗೆ ಮತ್ತೆ ಹೋಳಿಗೆ. ನನ್ನನ್ನೂ ಊಟಕ್ಕೆ ಕರೆದಿದ್ದರು. ಈ ಸಲ ಅಕ್ಕ ಸಾರನ್ನು ಲೆಕ್ಕ ಹಾಕಿಯೇ ಮಾಡಿದ್ದರು, ಆದರೂ ಮೂರು ಲೀಟರಿನಷ್ಟು ಕಟ್ಟನ್ನು ಮಸಾಲೆ ಬೆರೆಸುವ ಮೊದಲೇ ಬೇರೆ ತೆಗೆದು, ಪರಾತದಲ್ಲಿ ತಣಿಸಿ ಫ್ರಿಜ್ಜಿಗೆ ಇಟ್ಟಿದ್ದರು. ಮರುದಿನ ಅದಕ್ಕೆ ಕೈತುಂಬ ಹುಣಸೆ ಹಿಂಡಿ, ಹೊಸದಾಗಿ ಒಗ್ಗರಣೆ ಕೊಟ್ಟು, ಹತ್ತು ನಿಮಿಷ ಕೊತಕೊತ ಕುದಿಸಿ, ಹೊಟ್ಟೆ ತಡೆಯುವ ಹತ್ತು ಹನ್ನೆರಡು ಮಂದಿಗೆ ಬಡಿಸಿದರಂತೆ. ಎಂಬತ್ಮೂರು ತುಂಬಿದ ಆ ಅಜ್ಜಿ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ತೆಗೆದು, ಹುಳಿ ಪರವಾಗಿಲ್ಲ, ಹೊಗೆಯ ವಾಸನೆ ಇಲ್ಲವಲ್ಲ ಎಂದರಂತೆ.